ಮಾಗಳದ ಗಿಡ್ಡಮ್ಮನವರಿಗೆ ಇನ್ನು ಮುಂದೆ ಸಹಾಯ ಮಾಡದಿರುವ ಬಗ್ಗೆ

ಹಣ್ಣಿನ ರಸ ಪ್ರೋತ್ಸಾಹ ಕಛೇರಿ
ಮೊಕ್ಕಾಂ: ಹಗರಿಬೊಮ್ಮನಹಳ್ಳಿ

ಸುತ್ತೋಲೆ ಸಂಖ್ಯೆ: ಹರಪ್ರೋ/ದ್ರಾಕ್ಷಿ/ತಪ್ಪು/೧/೮೩-೮೪
ದಿನಾಂಕ: ೧೭-೨-೧೯೮೪

ವಿಷಯ: ಹಡಗಲಿ ತಾಲ್ಲೂಕು ಮಾಗಳ ಗ್ರಾಮದ ಶ್ರೀಮತಿ ಗಿಡ್ಡಮ್ಮನವರಿಗೆ ಇಲಾಖೆಯ ವತಿಯಿಂದ ಯಾವುದೇ ಬಗೆಯ ಸಹಾಯ ಮಾಡುವುದನ್ನು ತಕ್ಷಣದಿಂದ ನಿಲ್ಲಿಸುವ ಕುರಿತು.

ಉಲ್ಲೇಖ:
೧. ಮುಂಬಯಿಯ ರಫ್ತು ವರ್ತಕರ ಪತ್ರ, ದಿನಾಂಕ ೯-೧೧-೧೯೮೩.
೨. ಸದರಿ ಪತ್ರಕ್ಕೆ ಈ ಕಛೇರಿಯು ನಲವತ್ತೆಂಟು ದಿನ ಉತ್ತರ ಬರೆಯದೇ ಇದ್ದದ್ದು.
೩. ಶ್ರೀಮತಿ ಗಿಡ್ಡಮ್ಮನವರು ದಿನಾಂಕ ೨೭-೧೨-೧೯೮೩ರಂದು ತಮ್ಮ ಮನೆಯ ಮುಂದೆ ನಿಂತು ಆಡಿದ ಮಾತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕಛೇರಿಯ ಸಿಬ್ಬಂದಿಗೂ, ಸಮಿತಿಯ ಸದಸ್ಯರಿಗೂ, ಸಹಾಯ ಮಾಡುವ ಚಟವಿರುವ ಇತರರಿಗೂ ತಿಳಿಯಪಡಿಸುವುದೇನೆಂದರೆ: ಈ ಸುತ್ತೋಲೆಯನ್ನು ಹೊರಡಿಸುತ್ತಿರುವ ಅಧೀಕ್ಷಕ ಹಾಲೇಶಪ್ಪನವರನ್ನು ಮುಂದೆ ಎಲ್ಲ ಕಡೆಯೂ ಕೆಳಸಹಿದಾರರು ಎಂದು ಕರೆಯಲಾಗುವುದು. ತಪ್ಪು ಮಾಡಿದವರ ಹೆಸರನ್ನು ಪದೇ ಪದೇ ಬರೆಯುವುದು ಕಛೇರಿಯ ಪದ್ಧತಿಯಲ್ಲ.

೧. ಹಿಂದಿನ ವರ್ಷ ಮೇ ತಿಂಗಳಲ್ಲಿ ಹೊರದೇಶದಲ್ಲೊಂದು ದ್ರಾಕ್ಷಾರಸ ಸ್ಪರ್ಧೆ ನಡೆಯಲಿದೆಯೆಂದೂ, ಪ್ರತಿ ಕಛೇರಿಯಿಂದ ಒಂದೇ ಒಂದು ಸೀಸೆ ಕಳುಹಿಸಬಹುದೆಂದೂ ಮೇಲಿನಿಂದ ಸೂಚನೆ ಬಂದಿತು. ಇಂಥ ಸ್ಪರ್ಧೆಯಲ್ಲಿ ಹೆಸರು ಕೇಳಿಬಂದ ರಸವನ್ನು ರಫ್ತು ವರ್ತಕರು ತಾವೇ ಹುಡುಕಿಕೊಂಡು ಬರುತ್ತಾರೆ, ಊರ ಸಂತೆ ದಾಟದ ಮಾಲು ಹಡಗು ಹತ್ತುತ್ತದೆ ಎಂದು ಅದರಲ್ಲಿ ಬರೆದಿತ್ತು. ಕೆಳಸಹಿದಾರರು ಓದಿ ಹಿರಿಹಿರಿ ಹಿಗ್ಗಿದರು. ಅವರು ಜೀವಮಾನದಲ್ಲಿ ದ್ರಾಕ್ಷಾರಸವನ್ನು ಕಣ್ಣಿನಿಂದಲೂ ನೋಡಿದವರಲ್ಲ. ಕೊಟ್ಟೂರಿನ ಶಿವಾಚಾರದ ಮನೆತನ. ತಾಯಿ ಅನ್ನದಾನಮ್ಮನವರ ಎದುರಿಗೆ ಗೋಲಿ ಸೋಡಾ ಒಡೆಯುವುದಕ್ಕೂ ಅಂಜಿಕೆ. ಇಂಥವರನ್ನು ಈ ಹುದ್ದೆಗೆ ಯಾಕೆ ಹಾಕಿದರೆಂದು ಇಲಾಖೆ ತಿಳಿಸಿಲ್ಲ. ಅವರೂ ಕೇಳಲಿಲ್ಲ, ಏಕೆಂದರೆ ಸಂಬಳ ಸರಿಯಾಗಿ ಬರುತ್ತಿತ್ತು.

೨. ಜೂನ್ ತಿಂಗಳಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದಲೂ, ತಾಲ್ಲೂಕಲ್ಲದಿದ್ದರೂ ಆ ಮಾತನ್ನು ಯಾರೂ ಎದುರಿಗೆ ಹೇಳಬಾರದಾಗಿರುವ ಕೊಟ್ಟೂರಿನಿಂದಲೂ ಒಂದೊಂದು ಸೀಸೆ ಬಂದವು. ಕೊಟ್ಟೂರಿನ ಕಾಳುಕಡಿ ವರ್ತಕರೂ ಸೀಸೆ ಆರಿಸುವ ಸಮಿತಿಯ ಅಧ್ಯಕ್ಷರೂ ಆದ ಗುರುಸಂಗಪ್ಪನವರು ಬಾಣಂತಿಯರಿಗೆ ಕೊಡುವ ದ್ರಾಕ್ಷಾರಿಷ್ಟದ ಸೀಸೆಯನ್ನೇ ಚೀಟಿ ಕಿತ್ತು ತಂದರು. ಇದರಲ್ಲಿಯೂ ದ್ರಾಕ್ಷಿ ಇದೆ, ಮನೆಯವರ ಎದುರಿಗೂ ಕುಡಿಯಬಹುದು ಎಂಬುದು ಅವರ ವಾದ. ಹಗರಿಬೊಮ್ಮನಹಳ್ಳಿಯಿಂದ ಒಣದ್ರಾಕ್ಷಿ ನೆನೆಸಿದ ಸಕ್ಕರೆ ನೀರು ಬಂತು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ನೇರಳೆ ಹಣ್ಣಿನ ರಸ. ಅದು ಬಸ್ಸಿನಲ್ಲಿಯೇ ಹುಳಿ ಹಿಡಿದು, ಬೂಚನ್ನು ತಾನೇ ಹಾರಿಸಿಕೊಂಡು, ಕಂಡಕ್ಟರರ ಅಂಗಿಯ ಮೇಲೆ ಅರ್ಧ ಚೆಲ್ಲಿ, ಅರ್ಧ ಉಳಿದು ಬಂತು. ಕೂಡ್ಲಿಗಿಯ ಸೀಸೆಯಲ್ಲಿ ಏನಿತ್ತೆಂಬುದನ್ನು ತಂದವರೂ ಹೇಳಲಿಲ್ಲ.

ಹಡಗಲಿ ತಾಲ್ಲೂಕಿನಿಂದ ಬಂದದ್ದು ಮಾಗಳದ ಗಿಡ್ಡಮ್ಮನವರ ಸೀಸೆ. ಈಕೆ ಬಳ್ಳಾರಿಯಲ್ಲಿ ಒಬ್ಬ ಪಾದ್ರಿಯವರ ಮನೆಯಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿ, ಅವರ ಪೂಜೆಗೆ ಬೇಕಾಗುವ ದ್ರಾಕ್ಷಾರಸ ಇಳಿಸುವುದನ್ನು ಅಲ್ಲಿ ಕಲಿತು, ಊರಿಗೆ ಮರಳಿ ಹೊಳೆದಂಡೆಯ ಅರ್ಧ ಎಕರೆಯಲ್ಲಿ ಬಳ್ಳಿ ಹಬ್ಬಿಸಿದವರು. ವರ್ಷಕ್ಕೆ ನಾಲ್ಕು ಭರಣಿ ರಸ ಇಳಿಯುತ್ತಿತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಹೆಂಡ ಕುಡಿಯುವವರು ಇದು ತಲೆಗೇರುವುದಿಲ್ಲವೆಂದು ಬಿಟ್ಟರು. ಕುಡಿಯದವರು ಇದೂ ಹೆಂಡವೇ ಎಂದು ಮೂಗು ಮುರಿದರು. ಬರುವ ಯುಗಾದಿಯೊಳಗೆ ಗಿರಾಕಿ ಸಿಗದಿದ್ದರೆ ಬಳ್ಳಿ ಕಿತ್ತು ಶೇಂಗಾ ಹಾಕುವುದೇ ಸೈ ಎಂದು, ಹೊಲದಲ್ಲಿ ಅರ್ಧ ಪಾಲಿದ್ದ ಮೈದುನ ಓಬಣ್ಣ ಗಡುವು ಹಾಕಿದ್ದ. ಇದನ್ನೆಲ್ಲ ಆಕೆ ಅರ್ಜಿಯಲ್ಲಿ ಬರೆಸಿದ್ದರು. ಅರ್ಜಿಯನ್ನು ಯಾರೂ ಓದಲಿಲ್ಲ, ಮೊಹರು ಮಾತ್ರ ಹಾಕಲಾಯಿತು.

ನಾಲ್ಕು ಸೀಸೆಗಳನ್ನು ಕಛೇರಿಯ ಬೀರುವಿನಲ್ಲಿಯೂ, ಗಿಡ್ಡಮ್ಮನವರ ಸೀಸೆಯನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೂ ಇಡಲಾಯಿತು. ಕಾರಣವನ್ನು ಕಡತದಲ್ಲಿ ನಮೂದಿಸಿಲ್ಲ. ಆಕೆ ಯಾವ ಕೇರಿಯವರೆಂದು ಎಲ್ಲರಿಗೂ ಗೊತ್ತಿದ್ದುದರಿಂದ ನಮೂದಿಸುವ ಅಗತ್ಯ ಕಂಡುಬರಲಿಲ್ಲ.

೩. ಐದರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಸಮಿತಿಯಲ್ಲಿ ಕುಡಿಯುವವರು ಒಬ್ಬರೂ ಇರಲಿಲ್ಲ, ಅಥವಾ ಹಾಗೆಂದು ಎಲ್ಲರೂ ಸಹಿ ಹಾಕಿ ಕೊಟ್ಟಿದ್ದರು. ಆದ್ದರಿಂದ ಬಾಯಿಗೆ ತಾಗಿಸದೆ ಪರೀಕ್ಷಿಸುವ ವಿಧಾನಗಳನ್ನು ಕೆಳಸಹಿದಾರರೇ ಸ್ವಂತ ಬುದ್ಧಿಯಿಂದ ರೂಪಿಸಿದರು:

(ಅ) ಪ್ರತಿ ರಸದ ಬಣ್ಣವನ್ನು ಕಛೇರಿಯ ಕೆಂಪು ಶಾಯಿಯ ಪಕ್ಕದಲ್ಲಿಟ್ಟು ನೋಡುವುದು. ಶಾಯಿಗೆ ಹತ್ತಿರವಾದಷ್ಟೂ ಹೆಚ್ಚು ಅಂಕ.

(ಆ) ಮೂಗಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿಕೊಂಡು ಎರಡು ಮೊಳ ದೂರದಿಂದ ವಾಸನೆ ನೋಡುವುದು. ವಾಸನೆ ಬಂದರೆ ಅಂಕ ಕಡಿತ.

(ಇ) ಒಂದೊಂದು ಚಮಚ ರಸವನ್ನು ತಟ್ಟೆಗಳಲ್ಲಿ ಹಾಕಿ ದಾಖಲೆ ಕೋಣೆಯ ಇರುವೆ ಗೂಡಿನ ಮುಂದೆ ಇಡುವುದು. ಇರುವೆಗಳಿಗೆ ತಾಲ್ಲೂಕಿನ ಅಭಿಮಾನ ಇರುವುದಿಲ್ಲವಾದ್ದರಿಂದ ಅವುಗಳ ತೀರ್ಪು ಎಲ್ಲರಿಗೂ ಒಪ್ಪಿಗೆಯಾಯಿತು.

ಇರುವೆಗಳು ಹಗರಿಬೊಮ್ಮನಹಳ್ಳಿಯ ಸಕ್ಕರೆ ನೀರಿಗೆ ಪ್ರಥಮ ಸ್ಥಾನವನ್ನೂ, ಬಾಣಂತಿ ಔಷಧಕ್ಕೆ ದ್ವಿತೀಯ ಸ್ಥಾನವನ್ನೂ ನೀಡಿದವು. ಗಿಡ್ಡಮ್ಮನವರ ತಟ್ಟೆಗೆ ಹೋದವು ಮೂರೇ ಇರುವೆ. ಅವು ಮರಳಿ ಬರಲಿಲ್ಲ. ಅವು ಸತ್ತಿದ್ದವೋ ಸುಖವಾಗಿದ್ದವೋ ಎಂಬುದರ ಬಗ್ಗೆ ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲ.

೪. ತೀರ್ಪು ಬಂದ ಕೂಡಲೇ ಉಳಿದ ನಾಲ್ಕು ಕಡೆಯವರು, ಇರುವೆ ಕಛೇರಿಯದು, ಕಛೇರಿ ಹಗರಿಬೊಮ್ಮನಹಳ್ಳಿಯಲ್ಲಿದೆ, ಆದ್ದರಿಂದ ಇರುವೆಯೂ ಅದೇ ಊರಿನದು ಎಂದು ತಕರಾರು ತೆಗೆದರು. ಕೆಳಸಹಿದಾರರು ಕೈಚೆಲ್ಲಿ ಕುಳಿತಿದ್ದಾಗ ಗುರುಸಂಗಪ್ಪನವರು ಕೆಳಗಿನಂತೆ ಸಲಹೆ ನೀಡಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ನಮ್ಮ ಮಠದ ಕಂತಿಭಿಕ್ಷಾ ನೋಡಿಲ್ಲೇನ್ರಿ? ಅಯ್ಯನೋರು ಐವತ್ತು ಮನಿ ತಿರುಗ್ತಾರ. ಒಂದ್ಮನಿ ರೊಟ್ಟಿ, ಒಂದ್ಮನಿ ಸಾರು, ಒಂದ್ಮನಿ ಪಲ್ಯ, ಎಲ್ಲಾ ಒಂದ ಪಾತ್ರಿಗೆ. ನಮ್ಮನಿದು ಮ್ಯಾಲೆ ಬರಲಿ ಅಂತ ಯಾರರ ಜಗಳಾಡ್ಯಾರೇನು? ಐದೂ ಸೀಸೆ ಹಂಗ ಕೂಡಿಸ್ರಿ. ಯಾರಿಗೂ ಬ್ಯಾಸರ ಇಲ್ಲ.”

ಸಲಹೆ ಕೇಳಿ ಕೆಳಸಹಿದಾರರ ಕಣ್ಣು ತುಂಬಿ ಬಂದಿತು. ಬಾಲ್ಯದಿಂದ ಅವರು ಮಠದ ಪಂಕ್ತಿಯಲ್ಲಿ ಆ ಕಂತಿಭಿಕ್ಷೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡವರು. ಸ್ವಾತಂತ್ರ್ಯ ದಿನಕ್ಕೆ ಬೂಂದಿ ಕಲಸುವ ಬೋಗುಣಿಯನ್ನು ತರಿಸಿ, ಔಷಧದ ಅಳತೆ ಗ್ಲಾಸಿನಿಂದ ಐದು ಸಮಪಾಲು ಅಳೆದು ಸುರಿಯಲಾಯಿತು. ಗಿಡ್ಡಮ್ಮನವರ ಪಾಲು ಬೀಳುವಾಗ ಸದಸ್ಯರೊಬ್ಬರು ಕೆಮ್ಮಿದರು. ಕುಡಿಯುವವರು ಹೊರದೇಶದವರಾದ್ದರಿಂದ ಮೈಲಿಗೆಯ ಪ್ರಶ್ನೆ ಉದ್ಭವಿಸುವುದಿಲ್ಲವೆಂದು ತೀರ್ಮಾನಿಸಲಾಯಿತು. ಒಂದು ಸೀಸೆ ತುಂಬಿಸಿ, ‘ಪಂಚರಸ’ ಎಂದು ಹೆಸರಿಟ್ಟು, ಅರಗಿನ ಮೊಹರು ಮಾಡಿ ಕಳುಹಿಸಲಾಯಿತು. ಉಳಿದದ್ದನ್ನು ಕಛೇರಿಯ ಹಿಂದಿದ್ದ ಬೇವಿನ ಸಸಿಗೆ ಸುರಿಯಲಾಯಿತು. ಸಸಿ ಈಗ ಇರುವುದಿಲ್ಲ.

೫. ಉಲ್ಲೇಖ (೧)ರ ಮುಂಬಯಿ ವರ್ತಕರ ಪತ್ರ ಬಂದಾಗ ಕಛೇರಿಯಲ್ಲಿ ಪೇಡೆ ಹಂಚಲಾಯಿತು. ನಂತರ ಅದನ್ನು ಓದಿಸಲಾಯಿತು. ಪತ್ರ ಇಂಗ್ಲಿಷಿನಲ್ಲಿದ್ದುದರಿಂದ ಹೈಸ್ಕೂಲು ಮಾಸ್ತರ ನಾಗೇಂದ್ರಪ್ಪನವರು ಕನ್ನಡಕ್ಕೆ ತಿರುಗಿಸಿದರು. ಸಾರಾಂಶ:

‘ನಿಮ್ಮ ಸೀಸೆಗೆ ಯಾವ ಪದಕವೂ ಬಂದಿಲ್ಲ. ತೀರ್ಪುಗಾರರು ನನಗೆ ಹೇಳಿದ್ದಿಷ್ಟು: ಅದರಲ್ಲಿ ಐದು ಪದಾರ್ಥಗಳಿವೆ. ಒಂದು ಔಷಧ. ಒಂದು ಸಕ್ಕರೆ ನೀರು. ಒಂದು ಕೆಟ್ಟು ಹೋದ ಯಾವುದೋ ಹಣ್ಣು. ಇನ್ನೊಂದು ಏನೆಂದು ಕಂಡುಹಿಡಿಯಲು ಹಿರಿಯ ತೀರ್ಪುಗಾರರು ಎರಡನೇ ಸಲ ಬಾಯಿ ಹಾಕಲು ಒಪ್ಪಲಿಲ್ಲ. ಆದರೆ ಐದನೇ ಪಾಲು, ಇಷ್ಟೆಲ್ಲದರ ಅಡಿಯಲ್ಲಿ ಸಿಕ್ಕಿಕೊಂಡಿದ್ದರೂ, ಈ ವರ್ಷ ಅವರು ರುಚಿ ನೋಡಿದ ಒಳ್ಳೆಯ ರಸಗಳಲ್ಲೊಂದು. ಅದನ್ನು ಮಾಡಿದವರು ಯಾರು? ಏನೂ ಬೆರೆಸದ ಒಂದು ಸೀಸೆ ಡಿಸೆಂಬರ್ ೩೧ರೊಳಗೆ ನನಗೆ ತಲುಪಿದರೆ ಹೊರದೇಶದ ಗಿರಾಕಿಗಳಿಗೆ ತೋರಿಸುತ್ತೇನೆ. ತಡವಾದರೆ ಆಗುವುದಿಲ್ಲ. ದಯವಿಟ್ಟು ಬೆರೆಸಬೇಡಿ.’

ಕೊನೆಯ ವಾಕ್ಯದ ಕೆಳಗೆ ವರ್ತಕರು ಎರಡು ಗೆರೆ ಎಳೆದಿದ್ದರು.

೬. ಆ ಐದನೇ ಪಾಲು ಯಾರದೆಂದು ನಿರ್ಧರಿಸಲು ನಲವತ್ತೆಂಟು ದಿನ ವ್ಯಯಿಸಲಾಯಿತು. ಐದೂ ಕಡೆಯವರು ಅದು ತಮ್ಮದೆಂದು ಲಿಖಿತ ಹೇಳಿಕೆ ಕೊಟ್ಟರು. ಗಿಡ್ಡಮ್ಮನವರೂ ಕೊಟ್ಟರೆಂದು ತಿಳಿಯಬಾರದು. ಅವರಿಗೆ ಯಾರೂ ತಿಳಿಸಿರಲಿಲ್ಲ, ಹಡಗಲಿಯ ಪರವಾಗಿ ಸದಸ್ಯರೊಬ್ಬರೇ ಬರೆದುಕೊಟ್ಟಿದ್ದರು. ಗುರುಸಂಗಪ್ಪನವರ ಹೇಳಿಕೆ: “ಐದನೇದು ಅಂದ್ರ ನಮ್ದ ಬಿಡ್ರಿ. ಬೋಗಾಣಿಗೆ ಕಡೀಗಿ ಸುರುವಿದ್ದು ನಾವ.” ಇದಕ್ಕೆ ಉಪಸಮಿತಿ, ಉಪಸಮಿತಿಗೆ ಸಭೆ, ಸಭೆಗೆ ಮಂಡಕ್ಕಿ ಮೆಣಸಿನಕಾಯಿ. ಇಷ್ಟೂ ದಿನ ಕೆಳಸಹಿದಾರರಿಗೆ ಒಳಗೊಳಗೇ ಉತ್ತರ ಗೊತ್ತಿತ್ತು. ಹೇಳಿದರೆ ನಾಲ್ಕು ಕಡೆಯವರು ಎದುರು ಬೀಳುತ್ತಾರೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವರು ಪುಕ್ಕಲರು ಎಂಬುದನ್ನು ಈ ಮೂಲಕ ದೃಢೀಕರಿಸಲಾಗಿದೆ.

೭. ದಿನಾಂಕ ೨೭-೧೨-೧೯೮೩ರ ಬೆಳಿಗ್ಗೆ ಕಛೇರಿಯ ಜವಾನ ಅಜ್ಜಯ್ಯನವರು ಮುಂಬಯಿಯ ಪತ್ರವನ್ನು ಮೇಜಿನ ಮೇಲೆ ಕುಕ್ಕಿ, ಸೇವಾ ನಿಯಮಗಳಿಗೆ ವಿರುದ್ಧವಾಗಿ, ಹೀಗೆ ಹೇಳಿದರು: “ಸಾಹೇಬ್ರ, ಶಾಯಿಗೆ ಕೇಳಿದ್ರಿ, ಇರಿವಿಗೆ ಕೇಳಿದ್ರಿ. ಮಾಡಿದಾಕೀನ ಒಂದ್ಸಲನರ ಕೇಳಿ ನೋಡ್ರಲ್ಲ. ಇನ್ನ ನಾಕ ದಿನ ಐತಿ.” ಕೆಳಸಹಿದಾರರು ಹತ್ತು ಗಂಟೆಯ ಬಸ್ಸು ಹತ್ತಿದರು.

ಮಾಗಳದಲ್ಲಿ ಅವರು ನಡೆದದ್ದನ್ನೆಲ್ಲ ಒಂದೂ ಬಿಡದೆ ಗಿಡ್ಡಮ್ಮನವರಿಗೆ ಒಪ್ಪಿಸಿದರು. ಬೋಗುಣಿಯ ವಿಷಯ ಬಂದಾಗ ಅವರ ದನಿ ಸಣ್ಣದಾಯಿತು. ಆಗ ಗಿಡ್ಡಮ್ಮನವರು ಆಡಿದ ಮಾತೇ ಉಲ್ಲೇಖ (೩):

“ಆರು ತಿಂಗಳಾತ್ರೀ, ನನ್ನ ಸೀಸೆ ಏನಾತು, ಏನಾತು ಅಂತ ದಿನಾ ಟಪಾಲಿನವನ ದಾರಿ ಕಾಯಾಕ ಹತ್ತೀನಿ. ಬೋಗಾಣ್ಯಾಗ ಕಲಸಿದ್ರಾ? ಅಯ್ಯನೋರಿಗೆ ಹಸಿವಿ ಇರತೈತಿ ಸಾಹೇಬ್ರ. ಹಸಿದೋರಿಗೆ ಐವತ್ತು ಮನಿ ಸಾರು ಕೂಡಿದ್ರೂ ರುಚಿನ. ನಾನು ಇದನ್ನ ಹಸಿದೋರಿಗೆ ಅಂತ ಮಾಡಿಲ್ಲ. ರುಚಿ ಬಲ್ಲೋರಿಗೆ ಅಂತ ಮಾಡೀನಿ.”

ಇನ್ನೊಂದು ಸೀಸೆ ಕೊಟ್ಟರೆ ತಾವೇ ಒಯ್ದು ಮುಟ್ಟಿಸುವುದಾಗಿ ಕೆಳಸಹಿದಾರರು ವಿನಂತಿಸಿದರು. “ನಿಮ್ಮ ಕೈಯಾಗ ಕೊಡಂಗಿಲ್ಲ” ಎಂದು ಉತ್ತರ ಬಂತು. “ಒಂದ ಭರಣಿ ಉಳದೈತಿ. ನೀವು ಮೊದ್ಲ ಕುಡೀರಿ. ಏನು ಕೆಡಿಸೀರಿ ಅನ್ನೋದರ ಗೊತ್ತಾಗಲಿ ನಿಮಗ.”

ಕೆಳಸಹಿದಾರರು ಅದುವರೆಗೆ ಆ ಕೇರಿಯಲ್ಲಿ ನೀರನ್ನೂ ಕುಡಿದವರಲ್ಲ. ಈ ಅಂಶ ಇಲಾಖೆಯ ಗಮನಕ್ಕೆ ಬಂದಿರಲಿಲ್ಲ, ಈಗ ತರಲಾಗಿದೆ. ಎಡಗೈಯಲ್ಲಿ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದು, ಬಲಗೈಯಲ್ಲಿ ಸ್ಟೀಲಿನ ಲೋಟ ಹಿಡಿದು, ಕಣ್ಣು ಮುಚ್ಚಿ ಅವರು ಒಂದು ಗುಟುಕು ಕುಡಿದರು. ಮೊದಲು ಹುಳಿ ಬಂತು, ಆಮೇಲೆ ಒಗರು. ಆಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಿಹಿ ಬಂತು, ಅದು ಸಕ್ಕರೆಯದಲ್ಲ. ಗಂಟಲಿಳಿದ ಮೇಲೂ ಬಾಯಲ್ಲಿ ಬಹಳ ಹೊತ್ತು ಇತ್ತು. ಕೆಳಸಹಿದಾರರು ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತರು. ಅಯ್ಯೋ ಶಿವನೇ, ಇದನ್ನೇ ನಾನು ಬೇವಿನ ಸಸಿಗೆ ಸುರಿದೆನೇ ಎಂದು ಅತ್ತರು. ಅಮಲಿನಿಂದ ಅತ್ತದ್ದಲ್ಲವೆಂದು ಸ್ಪಷ್ಟಪಡಿಸಲಾಗಿದೆ.

೮. ಮರುದಿನವೇ ಗಿಡ್ಡಮ್ಮನವರು ಸೀಸೆಯನ್ನು ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮುಂಬಯಿಗೆ ಹೊರಟರು. ಕೆಳಸಹಿದಾರರು ಸಾಂದರ್ಭಿಕ ರಜೆ ಹಾಕಿ ಜೊತೆಗೆ ಹೋದರು. ಅವರಿಗೆ ವಹಿಸಿದ್ದ ಕೆಲಸ ಎರಡೇ: ಟಿಕೆಟ್ ತೆಗೆಸುವುದು, ಸೀಸೆ ಮುಟ್ಟದಿರುವುದು. ಹುಬ್ಬಳ್ಳಿಯ ತನಕ ಬಸ್ಸು, ಮೀರಜಿನಲ್ಲಿ ರೈಲು ಬದಲು. ಆ ನೂಕುನುಗ್ಗಲಿನಲ್ಲಿ ಸೀಸೆ ಹಿಡಿದುಕೊಳ್ಳಲು ಕೆಳಸಹಿದಾರರು ಕೈ ಚಾಚಿದಾಗ ಆಕೆ ನೋಡಿದ ನೋಟಕ್ಕೆ ಅವರು ಬುತ್ತಿಗಂಟನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮೂವತ್ತನೇ ತಾರೀಖು ವರ್ತಕರು ಆ ರಸದ ಒಂದು ಗುಟುಕನ್ನು ಬಾಯಲ್ಲಿ ಅಷ್ಟು ಹೊತ್ತು ಇಟ್ಟುಕೊಂಡಿದ್ದರಿಂದ ಅವರಿಗೇನೋ ಆಯಿತೆಂದು ಕೆಳಸಹಿದಾರರು ಗಾಬರಿಯಾದರು. ಅವರು ನುಂಗಿದ ಮೇಲೆ ಕೇಳಿದ್ದು ಎರಡೇ ಪ್ರಶ್ನೆ: ಮಾಡಿದವರ ಹೆಸರೇನು, ವರ್ಷಕ್ಕೆ ಎಷ್ಟಾಗುತ್ತದೆ. ಎಷ್ಟಾದರೂ ಅಷ್ಟೂ ಬೇಕೆಂದರು. “ಅಷ್ಟೂ ಕೊಡಾಕ ಆಗಂಗಿಲ್ಲ, ಒಂದು ಭರಣಿ ಮನಿಗೆ ಬೇಕು” ಎಂದು ಗಿಡ್ಡಮ್ಮನವರು ಹೇಳಿದ್ದನ್ನು ಕೆಳಸಹಿದಾರರು ತಮ್ಮ ಹರಕು ಹಿಂದಿಯಲ್ಲಿ ತಿಳಿಸಿದರು. ಚೀಟಿಯ ಮೇಲೆ ಆಕೆಯ ಹೆಸರು, ಊರಿನ ಹೆಸರು, ಅಷ್ಟೇ ಇರುತ್ತದೆ. ಓಬಣ್ಣ ಈಗ ಶೇಂಗಾದ ಮಾತು ಬಿಟ್ಟು ಪಕ್ಕದ ಅರ್ಧ ಎಕರೆಗೂ ಬಳ್ಳಿ ಹಬ್ಬಿಸಬಹುದೇ ಎಂದು ಕೇಳುತ್ತಿದ್ದಾನೆ.

ಸ್ಪರ್ಧೆಯಿಂದ ರಫ್ತಿಗೆ ಆಗುವ ಅನುಕೂಲದ ಬಗ್ಗೆ ಮೇಲಿನವರು ವರದಿ ಕೇಳಿದ್ದಾರೆ. ವರದಿ: ರುಚಿ ಗೊತ್ತಿರುವ ಯಾರದೋ ಬಾಯಿಗೆ ಮಾಲು ಬಿತ್ತು. ಉಳಿದದ್ದೆಲ್ಲ ನಮ್ಮ ಅಡ್ಡಗಾಲು.

೯. ಸುದ್ದಿ ಹಬ್ಬಿದ ಒಂದೇ ವಾರದಲ್ಲಿ ಗಿಡ್ಡಮ್ಮನವರಿಗೆ ಸಹಾಯ ಮಾಡಲು ಹನ್ನೆರಡು ಪ್ರಸ್ತಾವನೆಗಳು ಬಂದಿವೆ. ಚೀಟಿಯ ಮೇಲೆ ಐದೂ ಊರಿನ ಹೆಸರನ್ನು ಸಮನಾದ ಅಕ್ಷರದಲ್ಲಿ ಹಾಕಿಸುವುದು. ಆರೋಗ್ಯದ ದೃಷ್ಟಿಯಿಂದ ಪ್ರತಿ ಸೀಸೆಗೆ ಎರಡು ಚಮಚ ದ್ರಾಕ್ಷಾರಿಷ್ಟ ಸೇರಿಸುವುದು. ಕಛೇರಿಯಲ್ಲಿ ತರಬೇತಿ ಪಡೆದ ಇರುವೆಗಳ ಘಟಕ ತೆರೆಯುವುದು ಇತ್ಯಾದಿ. ಕೊನೆಯದು ಕೆಳಸಹಿದಾರರದೇ, ಹಳೆಯ ಅಭ್ಯಾಸ. ಆದ್ದರಿಂದ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ:

(ಅ) ಸಹಾಯ ಮಾಡುವ ಉದ್ದೇಶದಿಂದ ಯಾರೂ ಸದರಿ ಬಳ್ಳಿಯ ಒಂದು ಫರ್ಲಾಂಗಿನೊಳಗೆ ಹೋಗತಕ್ಕದ್ದಲ್ಲ. ಬೇರೆ ಕೆಲಸಕ್ಕೆ ಮಾಗಳಕ್ಕೆ ಹೋಗುವವರು ಹೊಳೆಗೆ ಬೆನ್ನು ಮಾಡಿ ನಡೆಯತಕ್ಕದ್ದು.

(ಆ) ಸಹಾಯ ಮಾಡಬೇಕೆಂಬ ಬಯಕೆ ತಡೆಯಲಾರದಷ್ಟು ಹೆಚ್ಚಾದಲ್ಲಿ ಸಿಬ್ಬಂದಿಯು ಒಂದು ತಂಬಿಗೆ ನೀರು ಕುಡಿದು, ಆ ಬಯಕೆ ಇಳಿಯುವ ತನಕ ದಾಖಲೆ ಕೋಣೆಯಲ್ಲಿ ಕುಳಿತುಕೊಳ್ಳತಕ್ಕದ್ದು.

(ಇ) ಗಿಡ್ಡಮ್ಮನವರು ತಾವಾಗಿಯೇ ಕಛೇರಿಗೆ ಬಂದಲ್ಲಿ ಅವರನ್ನು ಒಳಗೆ ಕರೆದು ಕುರ್ಚಿ ಕೊಡತಕ್ಕದ್ದು. ಹೆಚ್ಚಿನ ಕುರ್ಚಿ ಇಲ್ಲವಾದ್ದರಿಂದ ಕೆಳಸಹಿದಾರರು ನಿಲ್ಲತಕ್ಕದ್ದು. ಅವರ ಅರ್ಜಿಯನ್ನು ಓದಿ ಮೊಹರು ಹಾಕತಕ್ಕದ್ದು, ಅದೇ ದಿನ.

(ಈ) ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇನ್ನು ಮುಂದೆ ಕೆಳಸಹಿದಾರರ ಊಟದ ಡಬ್ಬಿಯನ್ನು ಮಾತ್ರ ಇಡತಕ್ಕದ್ದು.

(ಉ) ಇರುವೆಗಳನ್ನು ತೀರ್ಪುಗಾರರ ಹೊಣೆಯಿಂದ ಕೃತಜ್ಞತಾಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ. ಬೋಗುಣಿಯನ್ನು ಬೂಂದಿಗೆ ಮರಳಿ ನಿಯೋಜಿಸಲಾಗಿದೆ.

೧೦. ಕೆಳಸಹಿದಾರರು ಕುಡಿದ ವಿಷಯವನ್ನು ತಾಯಿ ಅನ್ನದಾನಮ್ಮನವರಿಗೆ ತಾವೇ ತಿಳಿಸಿರುತ್ತಾರೆ. ಅವರು ಮೂರು ದಿನ ಮಾತು ಬಿಟ್ಟು, ನಾಲ್ಕನೇ ದಿನ, “ಮೊಣಕಾಲು ನೋವಿಗೆ ಆಗತೈತೇನೋ ಅದು?” ಎಂದು ವಿಚಾರಿಸಿದ್ದಾರೆ. ವಿಷಯ ಪರಿಶೀಲನೆಯಲ್ಲಿದೆ.

ಸಹಿ/-
(ಹಾಲೇಶಪ್ಪ)
ಅಧೀಕ್ಷಕರು, ಸದ್ಯಕ್ಕೆ

ಪ್ರತಿಗಳು:
೧. ಶ್ರೀ ಗುರುಸಂಗಪ್ಪನವರು, ಕೊಟ್ಟೂರು: ಓದಿ ಸಿಟ್ಟಾಗುವ ಸಲುವಾಗಿ.
೨. ನಾಲ್ಕೂ ತಾಲ್ಲೂಕುಗಳ ಸದಸ್ಯರಿಗೆ: ಯಾರ ಪ್ರತಿ ಮೊದಲು ತಲುಪಿತೆಂದು ಜಗಳವಾಗದಂತೆ ಒಂದೇ ಟಪಾಲಿನಲ್ಲಿ.
೩. ಶ್ರೀ ನಾಗೇಂದ್ರಪ್ಪನವರು, ಹೈಸ್ಕೂಲು ಮಾಸ್ತರರು: ಇದನ್ನು ಇಂಗ್ಲಿಷಿಗೆ ತಿರುಗಿಸದಿರಲು ವಿನಂತಿ.
೪. ಕಛೇರಿಯ ಸೂಚನಾ ಫಲಕ.
೫. ಶ್ರೀಮತಿ ಗಿಡ್ಡಮ್ಮನವರು, ಮಾಗಳ: ಅವರಿಗೆ ಓದಲು ಬಾರದ್ದರಿಂದ ಜವಾನ ಅಜ್ಜಯ್ಯನವರು ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ಅಧೀಕ್ಷಕರು ತಪ್ಪಾಯಿತೆಂದು ಹೇಳಿದ್ದಾರೆಂದು ಮೊದಲು ಹೇಳಿ, ನಂತರ ಓದತಕ್ಕದ್ದು.

ಐದನೇ ಪ್ರತಿಯ ಹಿಂಬದಿಯಲ್ಲಿ ಅಜ್ಜಯ್ಯನವರ ಷರಾ:

ಸಾಹೇಬ್ರ, ಪೂರ್ತಿ ಓದಿ ಹೇಳೀನಿ. ಬಳ್ಳಿ ಕೆಳಗ ಕುಂತು ಕೇಳಿದ್ಲು. ಇರಿವಿ ಬಂದಲ್ಲಿ ಹೊಟ್ಟಿ ಹಿಡಕೊಂಡು ನಕ್ಲು. ಕಿಟಕಿ ಕಟ್ಟಿ ಬಂದಲ್ಲಿ ನಗಲಿಲ್ಲ. ಎಲ್ಲಾ ಮುಗದ ಮ್ಯಾಲೆ ಹೇಳಿ ಕಳಿಸ್ಯಾಳ: “ಇಲಾಖಿ ಬ್ಯಾಡ. ಬರೋ ಸೋಮವಾರ ಹಣ್ಣು ಬಿಡಸ್ತೀವಿ, ಆಳು ಕಡಿಮಿ ಅದಾರ. ನಿಮ್ಮ ಸಾಹೇಬ್ರು ಒಬ್ರ ಬರಲಿ. ಬರೋವಾಗ ಕೈ ಚಲೋ ತೊಳಕೊಂಡು ಬರಲಿ.”